ಕುರಣದ ಶಾಲೆಯಿಂದ ಖಾಡಿಯ ದಂಡೆಗೆ



ದತ್ತಿ ಉಪನ್ಯಾಸವೆಂದರೆ ಸಾಮಾನ್ಯವಾಗಿ ಕುಮಾರವ್ಯಾಸನೋ, ವಚನಕಾರರೋ, ತೀರಾ ಈಚೆಗೆ ಬಂದರೆ ನವ್ಯರೋ ವೇದಿಕೆ ಏರುತ್ತಾರೆ. ಒಂದನೆಯ ತರಗತಿಯ ಮಗುವಿಗೆ ಆ ಭಾಗ್ಯ ಒದಗುವುದು ಅಪರೂಪ. ಪ್ರಾಥಮಿಕ ಶಾಲೆಯ ಬಗ್ಗೆ ಮಾತಾಡಿ ಎಂದು ನೀವು ಹೇಳಿದಾಗ, ಆ ತರಗತಿಗಳಲ್ಲೇ ಆಯುಸ್ಸು ಕಳೆದ ನನಗೆ ಸಂತೋಷವಾಯಿತು. ಮಗು ಶಾಲೆಯಲ್ಲಿ ಹೊಸ ಅನುಭವಗಳಿಂದ ಕಲಿಯುತ್ತದೆ ಎಂಬ ಮಾತನ್ನು ಈಗ ಎಲ್ಲರೂ ಒಪ್ಪುತ್ತಾರೆ. ಶಾಲೆಗಳ ಬ್ಯಾನರುಗಳಲ್ಲೂ ಅದೇ ಇರುತ್ತದೆ. ಯಾವುದು ಅನುಭವ, ಯಾವುದು ಅನುಭವದ ಹೆಸರಿನ ವ್ಯಾಪಾರ ಎಂದು ಬಿಡಿಸಿ ನೋಡುವ ಕೆಲಸ ಮಾತ್ರ ಉಳಿದಿದೆ. ಅಷ್ಟನ್ನು ಇವತ್ತು ಮಾಡಲು ಪ್ರಯತ್ನಿಸುತ್ತೇನೆ.

ಇದಕ್ಕೆ ಸ್ವಿಟ್ಜರ್ಲೆಂಡಿಗೋ ಫಿನ್‌ಲೆಂಡಿಗೋ ಹೋಗಬೇಕಾಗಿಲ್ಲ. ಡೊಂಬಿವಲಿಯಲ್ಲಿ ನಾವು ಕೂತಿರುವುದೇ ಆ ವಿಚಾರ ಬೇರೂರಿದ ಜಿಲ್ಲೆಯಲ್ಲಿ. 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆ ಜಿಲ್ಲೆಯಾಗುವವರೆಗೂ ಡಹಾಣು, ಬೋರ್ಡಿ, ಕೋಸಬಾಡ್ ಎಲ್ಲವೂ ಠಾಣೆ ಜಿಲ್ಲೆಯವೇ. ಸಮುದ್ರದ ಬದಿಯ, ಚಿಕ್ಕು ತೋಟಗಳ ಬೋರ್ಡಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ತೆರೆದರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಮಾಂಟೆಸೊರಿ ಪದ್ಧತಿಯಲ್ಲಿ ಪಳಗಿದವರು ಅವರು. ಪೇಟೆಯ ಅನುಕೂಲಸ್ಥರ ಮಕ್ಕಳಿಗೆ ಸಿಗುವ ಶಿಕ್ಷಣ ಹಳ್ಳಿಯ ಬಡ ಮಕ್ಕಳಿಗೆ ಏಕೆ ಸಿಗಬಾರದು ಎಂಬುದು ಅವರ ಹಟ. ಅವರ ಜೊತೆ ನಿಂತವರು ಅನುತಾಯಿ ವಾಘ್. ದುಬಾರಿ ಮಾಂಟೆಸೊರಿ ಸಲಕರಣೆಗಳನ್ನು ಬದಿಗಿಟ್ಟು ಊರಲ್ಲೇ ಸಿಗುವ ಬೀಜ, ಚಿಪ್ಪು, ಕಲ್ಲು, ಎಲೆಗಳನ್ನು ಇಬ್ಬರೂ ಪಾಠದ ಸಾಮಾನು ಮಾಡಿಕೊಂಡರು.

ತಾರಾಬಾಯಿ ಕಂಡ ಕಷ್ಟ ನಮಗೂ ಗೊತ್ತಿರುವಂಥದ್ದೇ. ಮಕ್ಕಳು ಬಾಲವಾಡಿಗೆ ಬರುತ್ತಿರಲಿಲ್ಲ. ಸಾಮಾನ್ಯ ಮೇಷ್ಟರಾಗಿದ್ದರೆ ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದು ಕೂರುತ್ತಿದ್ದರು. ಇವರು ಬಾಲವಾಡಿಯನ್ನೇ ಎತ್ತಿಕೊಂಡು ಮಕ್ಕಳ ಕೇರಿಯ ಅಂಗಳಕ್ಕೆ ಹೋದರು. 1975ರಿಂದ ಇಡೀ ದೇಶದ ಹಳ್ಳಿಹಳ್ಳಿಗೆ ಬಂದ ಅಂಗನವಾಡಿಯ ಬೇರು ಆ ಅಂಗಳದಲ್ಲಿದೆ. 1957ರಲ್ಲಿ ಸಂಸ್ಥೆ ಕೋಸಬಾಡಿನ ಗುಡ್ಡಕ್ಕೆ ಹೋದ ಮೇಲೆ ಇನ್ನೊಂದು ಕಷ್ಟ ಎದುರಾಯಿತು. ಸ್ವಲ್ಪ ದೊಡ್ಡವರಾದ ಆದಿವಾಸಿ ಮಕ್ಕಳು ಬೆಳಗಾದರೆ ದನ ಮೇಯಿಸಲು ಕುರಣಕ್ಕೆ, ಅಂದರೆ ಹುಲ್ಲುಗಾವಲಿಗೆ ಹೋಗಿಬಿಡುತ್ತಿದ್ದರು. ಸರಿ, ಶಾಲೆಯೂ ಅಲ್ಲಿಗೇ ಹೋಯಿತು. ಅದೇ ಕುರಣಶಾಲೆ. ದನ ಮೇಯುತ್ತಿರುತ್ತದೆ, ಮಕ್ಕಳು ಕಲಿಯುತ್ತಿರುತ್ತಾರೆ.

ಕುರಣಶಾಲೆಯನ್ನು ಬಡವರಿಗಾಗಿ ಮಾಡಿದ ಒಂದು ಹೊಂದಾಣಿಕೆ ಎಂದು ಹೊಗಳಿ ಮುಗಿಸುವವರುಂಟು. ನನಗೆ ಹಾಗನ್ನಿಸುವುದಿಲ್ಲ. ದನ ಕಾಯುವ ಹುಡುಗ ಶಾಲೆಗೆ ಬರುವ ಮುಂಚೆಯೇ ಬಹಳ ಬಲ್ಲವನಾಗಿರುತ್ತಾನೆ. ಸಂಜೆ ಹಟ್ಟಿಗೆ ಹೊಡೆಯುವಾಗ ಒಂದು ದನ ಕಡಿಮೆಯಾದರೂ ಅವನಿಗೆ ತಿಳಿಯುತ್ತದೆ, ಯಾವುದು ಕಡಿಮೆ ಎಂದೂ ತಿಳಿಯುತ್ತದೆ. ಯಾವ ಸೊಪ್ಪು ವಿಷ, ಯಾವ ಮೋಡ ಮಳೆಯದು ಎಂಬುದಕ್ಕೆ ಅವನಿಗೆ ಪುಸ್ತಕ ಬೇಡ. ಅವನಿಗಿಲ್ಲದ್ದು ಅಕ್ಷರ ಮಾತ್ರ. ತಾರಾಬಾಯಿಯವರ ದೊಡ್ಡತನವಿರುವುದು ಅವನಲ್ಲಿ ಮೊದಲೇ ಇದ್ದ ತಿಳಿವಳಿಕೆಯ ಮೇಲೆ ಅಕ್ಷರವನ್ನು ಕೂರಿಸಿದ್ದರಲ್ಲಿ.

ನಮ್ಮವರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಈ ಸಭೆಯಲ್ಲಿ ಕೂತಿರುವ ಹಿರಿಯರ ಪೈಕಿ ಎಷ್ಟು ಜನ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರಿದ್ದೀರಿ ಎಂದು ಕೈ ಎತ್ತಲು ಹೇಳಿದರೆ ಸಾಕಷ್ಟು ಕೈಗಳು ಮೇಲೇಳುತ್ತವೆ. 20ನೇ ಶತಮಾನದ ಆರಂಭದ ವರ್ಷಗಳಲ್ಲೇ ಮೊಗವೀರ ಬಂಧುಗಳು ಫೋರ್ಟಿನ ಕಡೆ ರಾತ್ರಿಶಾಲೆ ಕಟ್ಟಿದರು. ಮುಂದೆ ಅಂಥವು ಹಲವಾರು ಹುಟ್ಟಿದವು. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಹಡಗು ಹತ್ತಿಯೋ ಬಸ್ಸು ಹತ್ತಿಯೋ ಬಂದ ಹುಡುಗ ಹಗಲೆಲ್ಲ ಹೊಟೇಲಿನಲ್ಲಿ ಟೇಬಲ್ ಒರೆಸುತ್ತಿದ್ದ. ಗಿರಾಕಿ ಏಳುತ್ತಿದ್ದಂತೆ ಎರಡು ಇಡ್ಲಿ, ಒಂದು ಮಸಾಲೆ, ಎರಡು ಚಾಯ ಎಂದು ಮನಸ್ಸಲ್ಲೇ ಕೂಡಿಸಿ ಗಲ್ಲಾದ ಕಡೆಗೆ ಮೊತ್ತವನ್ನು ಕೂಗಿ ಹೇಳುತ್ತಿದ್ದ. ಲೆಕ್ಕ ತಪ್ಪಿದರೆ ಸಂಬಳದಲ್ಲಿ ಕಡಿತ. ರಾತ್ರಿ ಶಾಲೆಗೆ ಬಂದು ಕೂತರೆ ಮೇಷ್ಟರು ಬೋರ್ಡಿನ ಮೇಲೆ ಕೂಡುವ ಲೆಕ್ಕ ಬರೆಯುತ್ತಿದ್ದರು. ಅವನಿಗೆ ಅದು ಹೊಸದಾಗಿರಲಿಲ್ಲ. ಹಗಲಲ್ಲಿ ತಾನು ಬಾಯಲ್ಲಿ ಮಾಡಿದ್ದನ್ನು ಕಾಗದದ ಮೇಲೂ ಮಾಡಬಹುದು ಎಂಬ ತಿಳಿವು ಮಾತ್ರ ಹೊಸದು. ಹಾಗೆ ಕಲಿತವರು ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು, ಹೊಟೇಲಿನ ಧಣಿಗಳಾದರು. ಫೋರ್ಟ್, ದಾದರುಗಳಲ್ಲಿ ಮನೆ ಕೈಗೆಟುಕದೆ ರೈಲುಹಾದಿ ಹಿಡಿದು ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆ ನಿಂತ ಕನ್ನಡಿಗರಲ್ಲಿ ಈ ತಲೆಮಾರಿನವರು ಬಹಳ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿದ್ದರ ಹಿಂದೆಯೂ ಅಕ್ಷರದ ಬೆಲೆ ಅರಿತ ಇಂಥವರ ಬೆವರು ಇದೆ.

ಈಗ ಅವರ ಮೊಮ್ಮಕ್ಕಳನ್ನು ನೋಡೋಣ. ಮೂರು ವರ್ಷಕ್ಕೇ ಅಕ್ಷರ ಬಂದಿದೆ, ನಾಲ್ಕಕ್ಕೆ ನೂರರವರೆಗೆ ಅಂಕಿ. ‘ಆರ್ ಫಾರ್ ರಿವರ್’ ಬಾಯಲ್ಲಿದೆ. ಆದರೆ ಅಡುಗೆಮನೆಯ ನಲ್ಲಿಯಲ್ಲಿ ಬರುವ ನೀರು ಯಾವ ಹೊಳೆಯದು ಎಂದು ಕೇಳಿ ನೋಡಿ. ಸಹ್ಯಾದ್ರಿಯಲ್ಲಿ ಹುಟ್ಟಿ ಕರ್ಜತ್, ಬದ್ಲಾಪುರಗಳನ್ನು ದಾಟಿ ಕಲ್ಯಾಣದ ಮಗ್ಗುಲಲ್ಲೇ ಹರಿಯುವ ಉಲ್ಹಾಸ್ ನದಿಯ ನೀರನ್ನೇ ಕಲ್ಯಾಣ, ಡೊಂಬಿವಲಿಯ ಮಗು ಕುಡಿಯುವುದು. ನವಿ ಮುಂಬಯಿಗೆ ಮೋರ್ಬೆಯಲ್ಲಿ ತನ್ನದೇ ಅಣೆಕಟ್ಟಿದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯವರು ಮೂರನೆಯ ತರಗತಿಯ ಪರಿಸರದ ಪುಸ್ತಕವನ್ನು ಜಿಲ್ಲೆಗೊಂದರಂತೆ ಬೇರೆ ಬೇರೆಯಾಗಿ ಅಚ್ಚು ಹಾಕಿಸಿದ್ದುಂಟು. ಮಗು ತನ್ನ ಊರಿಂದ ಲೋಕ ಕಲಿಯಲು ಹೊರಡಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದೆ. ನಾವು ಅದರಲ್ಲೂ ನದಿಗಳ ಹೆಸರನ್ನು ಬಾಯಿಪಾಠ ಮಾಡಿಸಿ ಖಾಲಿ ಬಿಟ್ಟ ಸ್ಥಳ ತುಂಬಿಸಿದೆವು.

ಅಂದರೆ ರಾತ್ರಿಶಾಲೆಯ ಹುಡುಗನಿಗೂ ಕುರಣದ ಹುಡುಗನಿಗೂ ಬದುಕು ಮೊದಲು ಬಂತು, ಅಕ್ಷರ ಆಮೇಲೆ. ನಮ್ಮ ಮಕ್ಕಳಿಗೆ ಅಕ್ಷರ ಮೊದಲು ಬಂದಿದೆ. ಅದರ ಕೆಳಗೆ ಇರಬೇಕಾದ್ದು ಇನ್ನೂ ಬಂದಿಲ್ಲ. ಪ್ರಾಥಮಿಕ ಶಾಲೆಯ ನಿಜವಾದ ಕೆಲಸ ಇಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಕಾನೂನೂ ಇದನ್ನೇ ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲಿ ಮಗು ಚಟುವಟಿಕೆ, ಹುಡುಕಾಟ, ಶೋಧನೆಗಳಿಂದ ಕಲಿಯಬೇಕು, ಸಾಧ್ಯವಾದಷ್ಟೂ ತಾಯ್ನುಡಿಯಲ್ಲಿ ಕಲಿಯಬೇಕು ಎಂದಿದೆ. ಅದಕ್ಕೂ ಮೊದಲೇ, 1995ರಲ್ಲಿ, ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಮೇಷ್ಟರುಗಳು ನಲಿ-ಕಲಿಯನ್ನು ಶುರುಮಾಡಿದ್ದರು. ಅದಕ್ಕೂ ಹಿಂದೆ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಪ್ರಯೋಗ ನಡೆಸಿದ್ದರು. ವಿಚಾರಕ್ಕೆ ನಮ್ಮಲ್ಲಿ ಬಡತನವಿಲ್ಲ.

ಹಾಗಾದರೆ ತಪ್ಪುತ್ತಿರುವುದೆಲ್ಲಿ? ಶಾಲೆಗಳು ಅನುಭವ ಕೊಡಲು ‘ಪ್ರಾಜೆಕ್ಟ್’ ಕೊಡುತ್ತವೆ. ಸೋಮವಾರ ಬೆಳಿಗ್ಗೆ ಜ್ವಾಲಾಮುಖಿ ಬೇಕು ಎಂದು ಮಗು ಭಾನುವಾರ ರಾತ್ರಿ ಒಂಬತ್ತಕ್ಕೆ ಹೇಳುತ್ತದೆ. ಅಪ್ಪ ಸ್ಟೇಷನರಿ ಅಂಗಡಿಗೆ ಓಡುತ್ತಾನೆ. ಅಲ್ಲಿ ಜ್ವಾಲಾಮುಖಿ ಸಿದ್ಧವಾಗಿಯೇ ಇದೆ, ಮಳೆಕೊಯ್ಲೂ ಇದೆ, ಸೌರಮಂಡಲವಂತೂ ಮೂರು ಸೈಜಿನಲ್ಲಿದೆ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಥರ್ಮೊಕೋಲ್ ನಿಷೇಧಿಸಿದ ಮೇಲೆ ಜ್ವಾಲಾಮುಖಿ ರಟ್ಟಿನದಾಯಿತು, ಅಷ್ಟೇ ವ್ಯತ್ಯಾಸ. ಅಮ್ಮ ಲೇಬಲ್ ಅಂಟಿಸುತ್ತಾಳೆ, ಮಗು ನಿದ್ದೆ ಹೋಗಿರುತ್ತದೆ. ಇನ್ನು ವರ್ಷಕ್ಕೊಂದು ಪಿಕ್‌ನಿಕ್. ಎಸಿ ಬಸ್ಸು, ವಾಟರ್‌ಪಾರ್ಕು, ಒಂದೇ ಬಣ್ಣದ ಟೋಪಿ, ಗ್ರೂಪ್ ಫೋಟೊ. ಮಕ್ಕಳು ಖುಷಿಪಡುತ್ತಾರೆ, ಪಡಲಿ. ಅದಕ್ಕೆ ಕಲಿಕೆ ಎಂಬ ದೊಡ್ಡ ಹೆಸರು ಕೊಟ್ಟು ಶುಲ್ಕದ ಜೊತೆ ಸೇರಿಸುವುದಕ್ಕೆ ಮಾತ್ರ ನನ್ನ ತಕರಾರು.

ಇದಕ್ಕೆ ಎದುರಾಗಿ, ಯಾವ ಪಠ್ಯಕ್ರಮದಲ್ಲೂ ಇಲ್ಲದ, ಯಾರೂ ಅಂಕ ಕೊಡದ ಒಂದು ಕೆಲಸವನ್ನು ನಮ್ಮ ಮಕ್ಕಳು ಪ್ರತಿ ವರ್ಷ ಮಾಡುತ್ತಾರೆ. ದೀಪಾವಳಿಯ ರಜೆ ಬಂತೆಂದರೆ ಸೊಸೈಟಿಯ ಮೂಲೆಯಲ್ಲಿ ಕಿಲ್ಲಾ, ಅಂದರೆ ಮಣ್ಣಿನ ಆಟದ ಕೋಟೆ, ಏಳುತ್ತದೆ. ಇದು ಮಹಾರಾಷ್ಟ್ರದ ಮಕ್ಕಳ ಹಬ್ಬ. ನಮ್ಮ ಕನ್ನಡ, ತುಳು ಮನೆಗಳ ಮಕ್ಕಳೂ ಇದರಲ್ಲಿ ಒಂದಾಗಿ ಹೋಗಿದ್ದಾರೆ. ಬಾಲ್ಕನಿಯಿಂದ ಒಮ್ಮೆ ಸುಮ್ಮನೆ ನಿಂತು ನೋಡಿ. ಒಡೆದ ಇಟ್ಟಿಗೆ, ಕಲ್ಲುಗಳನ್ನು ಪೇರಿಸಿ ಮೇಲೆ ಹಳೆಯ ಗೋಣಿ ಹೊದಿಸುತ್ತಾರೆ. ಮಣ್ಣು ಕಲಸಿ ಗೋಣಿಯ ಮೇಲೆ ಮೆತ್ತುತ್ತಾರೆ. ಮೊದಲ ಸಲ ಮಣ್ಣು ತೆಳ್ಳಗಾಗಿ ಜಾರಿಬಿಡುತ್ತದೆ. ಇನ್ನೊಮ್ಮೆ ಗಟ್ಟಿಯಾಗಿ ಒಣಗಿ ಬಿರುಕು ಬಿಡುತ್ತದೆ. ಇಳಿಜಾರು ತೀರಾ ಕಡಿದಾದರೆ ಮಣ್ಣು ನಿಲ್ಲುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ಅಡುಗೆಮನೆಯಿಂದ ಸಾಸಿವೆಯೋ ರಾಗಿಯೋ ಒಂದು ಮುಷ್ಟಿ ಮಾಯವಾಗುತ್ತದೆ. ಅದನ್ನು ಕಿಲ್ಲಾದ ಮೈಮೇಲೆ ಎರಚಿ ದಿನವೂ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಗುಡ್ಡ ಹಸಿರಾಗಬೇಕು. ತಡವಾಗಿ ಬಿತ್ತಿದ ತಂಡದ ಕೋಟೆ ಬೋಳಾಗಿಯೇ ಉಳಿಯುತ್ತದೆ, ಆ ಪಾಠ ಮರೆಯುವಂಥದ್ದಲ್ಲ. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಮೆಟ್ಟಿಲುಗಳ ಮೇಲೆ ಬಾಜಾರಿನಿಂದ ತಂದ ಮಣ್ಣಿನ ಮಾವಳೆ ಸೈನಿಕರು. ದ್ವಾರಕ್ಕೆ ಕಾವಲಿಗೆ ಯಾರನ್ನು ನಿಲ್ಲಿಸಬೇಕು ಎಂಬುದರ ಮೇಲೆ ಜಗಳ, ರಾಜಿ, ಮತ್ತೆ ಜಗಳ.

ನಾಲ್ಕನೆಯ ತರಗತಿಯ ಇತಿಹಾಸದಲ್ಲಿ ಇಲ್ಲಿಯ ಮಕ್ಕಳಿಗೆ ಶಿವಾಜಿಯ ಚರಿತ್ರೆಯೇ ಪಾಠ. 1657ರಲ್ಲಿ ಮಹಾರಾಜರು ಕಲ್ಯಾಣ, ಭಿವಂಡಿಗಳನ್ನು ಗೆದ್ದರೆಂದು ಮಗು ಓದುತ್ತದೆ. ಆ ಕಲ್ಯಾಣದ ಖಾಡಿಯ, ಅಂದರೆ ಅಳಿವೆಯ, ದಂಡೆಯ ಮೇಲೆ ದುರ್ಗಾಡಿ ಕೋಟೆ ಇಂದಿಗೂ ನಿಂತಿದೆ. ಕಲ್ಯಾಣ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹೋದರೆ ಒಂದು ತಾಸಿನೊಳಗೆ ನೋಡಿಕೊಂಡು ಬರಬಹುದು. ಮಹಾರಾಜರ ನೌಕಾಪಡೆಯ ಮೊದಲ ಹಡಗುಗಳ ಕಥೆಗೂ ಈ ಖಾಡಿಗೂ ನಂಟಿದೆ. ಕಿಲ್ಲಾ ಕಟ್ಟಿ ಕೈ ಕೆಸರು ಮಾಡಿಕೊಂಡ ಮಗುವನ್ನು ದುರ್ಗಾಡಿಯ ಬುರುಜಿನ ಮೇಲೆ ನಿಲ್ಲಿಸಿ ನೋಡಿ. ಕೋಟೆಯನ್ನು ಇಲ್ಲೇ ಏಕೆ ಕಟ್ಟಿದರು ಎಂಬ ಪ್ರಶ್ನೆಗೆ ಅದೇ ಉತ್ತರ ಹೇಳುತ್ತದೆ.

ಖಾಡಿಯ ಮಾತು ಬಂತು. ಠಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಘೋಷಣೆಯಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಐರೋಲಿಯಲ್ಲಿ ಅರಣ್ಯ ಇಲಾಖೆಯವರ ಕರಾವಳಿ ಜೀವವೈವಿಧ್ಯ ಕೇಂದ್ರವಿದೆ, ಅಲ್ಲಿಂದ ದೋಣಿಯೂ ಹೊರಡುತ್ತದೆ. ಒಮ್ಮೆ ಮೂರು, ನಾಲ್ಕನೆಯ ತರಗತಿಯ ಒಂದಿಷ್ಟು ಮಕ್ಕಳನ್ನು ಕರೆದುಕೊಂಡು ನಾನು ಆ ಕಡೆ ಹೋಗಿದ್ದೆ. ಅಪ್ಪ ಅಮ್ಮಂದಿರು ಕಳಿಸಿದ್ದು ಗುಲಾಬಿ ಹಕ್ಕಿ ನೋಡಲೆಂದು. ಹಕ್ಕಿಗಳು ದೂರದಲ್ಲಿದ್ದವು. ಮಕ್ಕಳಿಗೆ ಹತ್ತು ನಿಮಿಷದಲ್ಲೇ ಬೇಸರ ಬಂತು. ನೀರು ಇಳಿದ ಹೊತ್ತು ಅದು. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಗಿಡಗಳ ಬುಡದಲ್ಲಿ ಕೆಸರಿನೊಳಗಿಂದ ಪೆನ್ಸಿಲ್ ನೆಟ್ಟಂತೆ ಬೇರುಗಳು ಮೇಲಕ್ಕೆ ಎದ್ದಿದ್ದವು. ಬೇರು ಕೆಳಗೆ ಹೋಗಬೇಕಲ್ಲವೆ ಎಂದು ಒಬ್ಬ ಹುಡುಗ ಕೇಳಿದ. ಒಂದು ಹುಡುಗಿ ಎಲೆಯ ಮೇಲೆ ಬಿಳಿ ಪುಡಿ ಕಂಡು ಧೂಳೆಂದು ಉಜ್ಜಿದಳು. ಮೆತ್ತಗೆ ನಾಲಗೆಯ ತುದಿಗೆ ತಾಗಿಸಿ ನೋಡು ಎಂದೆ. ‘ಟೀಚರ್, ಉಪ್ಪು!’ ಎಂದು ಅವಳು ಕಿರುಚಿದ್ದೇ ತಡ, ಎಲ್ಲರಿಗೂ ಒಂದೊಂದು ಎಲೆ ಬೇಕಾಯಿತು. ಉಪ್ಪುನೀರು ಕುಡಿದು ಬದುಕುವ ಗಿಡ ಹೆಚ್ಚಾದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತದೆ, ಕೆಸರಿನಲ್ಲಿ ಗಾಳಿ ಸಿಗದ ಬೇರು ಉಸಿರಾಡಲು ಮೇಲಕ್ಕೆ ಬರುತ್ತದೆ ಎಂದು ಆಮೇಲೆ ಹೇಳಿದೆ. ಅದನ್ನು ಹೇಳಲು ಎರಡು ವಾಕ್ಯ ಸಾಕಾಯಿತು, ಏಕೆಂದರೆ ಪ್ರಶ್ನೆ ಅವರ ನಾಲಗೆಯ ಮೇಲೆ ಆಗಲೇ ಇತ್ತು. ಅಷ್ಟರಲ್ಲಿ ಕೆಸರಿನ ಮೇಲೆ ಮೀನೊಂದು ಕುಪ್ಪಳಿಸುತ್ತಾ ಹೋಯಿತು. ಇಲ್ಲಿಯ ಕೋಳಿ ಸಮುದಾಯದ ಮೀನುಗಾರರು ಅದನ್ನು ನಿವಟಿ ಎನ್ನುತ್ತಾರೆ. ನೀರಿನಿಂದ ಹೊರಗೆ ಬಂದರೆ ಮೀನು ಸಾಯುತ್ತದೆ ಎಂದು ಓದಿದ್ದ ಮಕ್ಕಳು ಪುಸ್ತಕದ ಮೇಲೆಯೇ ಸಂಶಯಪಟ್ಟರು. ಅಂಥ ಸಂಶಯ ಬಂದ ದಿನ ಮೇಷ್ಟರು ಹಬ್ಬ ಮಾಡಬೇಕು. ಜೊತೆಗೆ ಬಂದಿದ್ದ ಒಬ್ಬ ಅಜ್ಜಿ ಏಡಿ ಹಿಡಿಯುವ ಬಗೆಯನ್ನು, ಅವರ ಮಾತಿನಲ್ಲಿ ಡೆಂಜಿ ಹಿಡಿಯುವ ಬಗೆಯನ್ನು, ಕೈಸನ್ನೆ ಮಾಡಿ ಅರ್ಧ ಕನ್ನಡ ಅರ್ಧ ತುಳುವಿನಲ್ಲಿ ವಿವರಿಸಿದರು. ಮಕ್ಕಳು ಆ ದಿನ ಅತಿ ಹೆಚ್ಚು ಹೊತ್ತು ಕಿವಿಗೊಟ್ಟು ಕೇಳಿದ್ದು ಆ ಅಜ್ಜಿಯ ಮಾತನ್ನು.

ಹಿತವಾದ ಅನುಭವಗಳನ್ನೇ ಆರಿಸಿ ಕೊಡಲು ನಮ್ಮ ಊರುಗಳೇನೂ ನಂದನವನಗಳಲ್ಲ. ಡೊಂಬಿವಲಿಯಲ್ಲಿ 2014ರ ಜನವರಿಯಲ್ಲಿ ಹಸಿರು ಮಳೆ ಬಿತ್ತು. 2020ರಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿಯಾಗಿ, ಮುಖ್ಯಮಂತ್ರಿಗಳೇ ಬಂದು ನೋಡಿ ಹೋದರು. ಮೂರನೆಯ ತರಗತಿಯ ಮಗು ಮಳೆಗೇಕೆ ಬಣ್ಣ ಎಂದು ಕೇಳಿದರೆ, ಅದು ಪೋರ್ಷನ್ನಿನಲ್ಲಿಲ್ಲ ಎನ್ನುವ ಶಿಕ್ಷಕರೂ ಇದ್ದಾರೆ, ಸುಮ್ಮನಿರು ಎನ್ನುವ ಅಪ್ಪಂದಿರೂ ಇದ್ದಾರೆ. ಆ ಪ್ರಶ್ನೆಯನ್ನು ಹಿಡಿದು ಒಂದು ವಾರ ಪಾಠ ಮಾಡಬಹುದಿತ್ತು. ಗಾಳಿ, ನೀರು, ಕಾರ್ಖಾನೆ, ಅಪ್ಪನ ಕೆಲಸ, ಅಜ್ಜನ ಕೆಮ್ಮು ಎಲ್ಲವೂ ಅದರೊಳಗಿದೆ.

ಇನ್ನು ಭಾಷೆ. ನಮ್ಮ ಮಗುವಿಗೆ ಮನೆಯಲ್ಲಿ ಕನ್ನಡವೋ ತುಳುವೋ, ಕೆಳಗೆ ಆಡಲು ಹೋದರೆ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. 2025ರ ಏಪ್ರಿಲ್ 16ರಂದು ಒಂದನೆಯ ತರಗತಿಯಿಂದಲೇ ಹಿಂದಿ ಎಂಬ ಆದೇಶ ಹೊರಟಿತು. ಊರೆಲ್ಲ ಗದ್ದಲವಾಗಿ ಜೂನ್ 29ರಂದು ಸರ್ಕಾರ ಹಿಂದೆ ಸರಿಯಿತು. ಆ ಗದ್ದಲದಲ್ಲಿ ಯಾರು ಗೆದ್ದರು ಎಂಬುದು ರಾಜಕಾರಣಿಗಳ ಚಿಂತೆ. ನಾನು ಕಂಡದ್ದಿಷ್ಟು: ಮಗು ಮರಾಠಿಯನ್ನು ಕಿಲ್ಲಾ ಕಟ್ಟುತ್ತಾ ಕಲಿಯುತ್ತದೆ, ಹಿಂದಿಯನ್ನು ಭಾಜಿವಾಲನ ಹತ್ತಿರ ಕಲಿಯುತ್ತದೆ. ಕನ್ನಡವನ್ನು ಮಾತ್ರ ನಾವು ಭಾನುವಾರ ಹತ್ತರಿಂದ ಹನ್ನೊಂದರವರೆಗೆ ಬೆಂಚಿನ ಮೇಲೆ ಕೂರಿಸಿ ಅ ಆ ಇ ಈ ಬರೆಸುವ ಮೂಲಕ ಕಲಿಸುತ್ತೇವೆ. ಉಳಿದೆಲ್ಲ ಭಾಷೆಗೂ ಒಂದು ಆಟವಿದೆ, ಒಂದು ಕೆಲಸವಿದೆ. ಕನ್ನಡಕ್ಕೆ ಒಂದು ಕಾಪಿಪುಸ್ತಕ ಮಾತ್ರ. ಮಕ್ಕಳು ಬರುವುದಿಲ್ಲ ಎಂದು ಗೋಳಾಡಿ ಪ್ರಯೋಜನವೇನು? ಬಾಲಭಾರತಿ ಕನ್ನಡದಲ್ಲೂ ಪಠ್ಯ ಅಚ್ಚು ಹಾಕುತ್ತಿದೆ, ಆದರೂ ಈ ಕಡೆಯ ಕನ್ನಡ ಮಾಧ್ಯಮಕ್ಕೆ ಮಕ್ಕಳು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಗುವನ್ನು ನಾವು ವಾಪಸು ಕರೆತರಲಾರೆವು. ಅದರ ಒಂದು ಮಧ್ಯಾಹ್ನವನ್ನು ಕೇಳಬಹುದು.

ಆ ಮಧ್ಯಾಹ್ನ ಮಗುವಿನ ಜೊತೆ ಇರಬೇಕಾದವರು ಅಜ್ಜ ಅಜ್ಜಿಯರು. ಅವರಿಗೆ ಇದೆಲ್ಲ ಎಲ್ಲಿ ಆಗುತ್ತದೆ ಎನ್ನುವವರಿಗೆ ನಮ್ಮದೇ ಜಿಲ್ಲೆಯ ಇನ್ನೊಂದು ಶಾಲೆಯ ಸಂಗತಿ ಹೇಳುತ್ತೇನೆ. ಮುರ್ಬಾಡ್ ತಾಲೂಕಿನ ಫಾಂಗಣೆಯಲ್ಲಿ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ಯೋಗೇಂದ್ರ ಬಂಗಾರ್ ಅವರು 2016ರ ಮಾರ್ಚ್ 8ರಂದು ‘ಆಜಿಬಾಯಿಂಚಿ ಶಾಳಾ’, ಅಂದರೆ ಅಜ್ಜಿಯರ ಶಾಲೆ, ಶುರುಮಾಡಿದರು. ಅರವತ್ತು ದಾಟಿದ, ತೊಂಬತ್ತರ ಹತ್ತಿರದ ಅಜ್ಜಿಯರು ಗುಲಾಬಿ ಬಣ್ಣದ ಒಂಬತ್ತು ಗಜದ ಸೀರೆಯುಟ್ಟು, ಚೀಲದಲ್ಲಿ ಸ್ಲೇಟು ಹಾಕಿಕೊಂಡು ಬಂದು ಕೂತರು. ಊರಿನಲ್ಲಿ ಪೋಥಿಯನ್ನು, ಅಂದರೆ ಧರ್ಮಗ್ರಂಥವನ್ನು, ಓದುವಾಗ ತಮಗೂ ಓದಲು ಬರುವಂತಿದ್ದರೆ ಎಂಬ ಆಸೆಯೇ ಅವರನ್ನು ಅಲ್ಲಿಗೆ ತಂದದ್ದು. ಮನೆಯಲ್ಲಿ ಅವರಿಗೆ ಅಕ್ಷರ ತಿದ್ದಿಸಿದವರು ಮೊಮ್ಮಕ್ಕಳು. ಆ ಹಳ್ಳಿಯಲ್ಲಿ ಮೊಮ್ಮಕ್ಕಳು ಅಜ್ಜಿಗೆ ಕಲಿಸಬಹುದಾದರೆ, ಡೊಂಬಿವಲಿಯಲ್ಲಿ ಅಜ್ಜಿ ಮೊಮ್ಮಕ್ಕಳಿಗೆ ಕಲಿಸುವುದು ಕಷ್ಟವೇನಲ್ಲ. ಈ ಸಭಾಂಗಣದಲ್ಲಿ ಗದ್ದೆ ನಾಟಿ ಮಾಡಿದ ಕೈಗಳಿವೆ, ಬಲೆ ಹೆಣೆದ ಕೈಗಳಿವೆ, ನೂರು ದೋಸೆಗೆ ಹಿಟ್ಟಿನ ಅಳತೆ ಕಣ್ಣಲ್ಲೇ ಹೇಳಬಲ್ಲವರಿದ್ದಾರೆ. ಇಂಥ ಪಾಠ ಯಾವ ಇಂಟರ್‌ನ್ಯಾಷನಲ್ ಶಾಲೆಯಲ್ಲೂ ಸಿಗುವುದಿಲ್ಲ.

ಆದ್ದರಿಂದ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿ ನಾಲ್ಕೂ ಊರಿನ ಕನ್ನಡ ಸಂಘಗಳವರಲ್ಲಿ ನನ್ನ ವಿನಂತಿ ಇದು. ಭಾನುವಾರದ ಕನ್ನಡ ತರಗತಿಯನ್ನು ತಿಂಗಳಿಗೆ ಒಂದು ಬಾರಿಯಾದರೂ ಸಭಾಂಗಣದಿಂದ ಹೊರಗೆ ನಡೆಸಿ. ಠಾಣೆಯವರಿಗೆ ಮಾಸುಂದಾ ಕೆರೆಯಿದೆ, ಯೇವೂರಿನ ಕಾಡಿದೆ. ಕಲ್ಯಾಣದವರಿಗೆ ದುರ್ಗಾಡಿಯಿದೆ. ನವಿ ಮುಂಬಯಿಯವರಿಗೆ ಐರೋಲಿ, ನೆರೂಳಿನ ದಂಡೆಗಳಿವೆ. ನೋಡಿ ಬಂದದ್ದನ್ನು ಮಕ್ಕಳು ಕನ್ನಡದಲ್ಲಿ ಹೇಳಲಿ, ಬರೆಯುವುದು ಆಮೇಲೆ ತಾನಾಗಿ ಬರುತ್ತದೆ. ಕೆಸರು ಬಟ್ಟೆಗೆ ಹತ್ತಿದರೆ ತಾಯಂದಿರು ಬಯ್ಯಬಾರದು. ದತ್ತಿ ದಾನಿಗಳ ಕುಟುಂಬದವರೂ ಇಲ್ಲಿದ್ದೀರಿ. ಮುಂದಿನ ವರ್ಷ ನನ್ನಂಥ ಇನ್ನೊಬ್ಬರನ್ನು ಕರೆಸಿ ಒಂದು ತಾಸು ಮಾತಾಡಿಸುವ ಬದಲು, ಅದೇ ಬಡ್ಡಿಯ ಹಣದಲ್ಲಿ ಒಂದು ಬಸ್ಸು ಮಾಡಿಸಿ ಮಕ್ಕಳನ್ನು ಕೋಸಬಾಡಿಗೆ ಕಳಿಸಿದರೆ ನಾನು ಬೇಸರಪಡುವುದಿಲ್ಲ. ಇನ್ನು ಖಾಡಿಯ ಪ್ರವಾಸ: ಫ್ಲೆಮಿಂಗೊ ಹಕ್ಕಿಗಳು ಅಲ್ಲಿಗೆ ಬರುವುದು ನವೆಂಬರ್, ಡಿಸೆಂಬರಿನಿಂದ. ಮೊದಲ ತಂಡದ ಜೊತೆ ಹೋಗಲು ಇಷ್ಟವಿರುವ ಅಜ್ಜ ಅಜ್ಜಿಯರು ಇವತ್ತೇ ಹೊರಗಿನ ಮೇಜಿನ ಹತ್ತಿರ ನಿಮ್ಮ ಹೆಸರು ಬರೆಸಿ ಹೋಗಿ.